ಆ ಹೆಸರಿನವಳು

ಕಂಡಕ್ಟರು ಆ ಹೆಸರನ್ನು ಮೊದಲ ಸಲ ಹೇಳಿದ್ದು ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಅದೂ ಬಾಯಲ್ಲಿ ತುತ್ತು ಇಟ್ಟುಕೊಂಡು. ಟೈಲರಮ್ಮ ಆಗ ಅವರ ತಟ್ಟೆಗೆ ಎರಡನೇ ಸಲ ಅನ್ನ ಬಡಿಸುತ್ತಿದ್ದರು. ಬಡಿಸುವ ಕೈ ಗಾಳಿಯಲ್ಲೇ ನಿಂತಿತು.

“ಏನಂದ್ರಿ?”

“ಅದೇ, ಮಗೂಗೆ ಆ ಹೆಸರು ಇಡೋಣ ಅಂತ. ಚೆನ್ನಾಗಿದೆ ಅಲ್ವಾ?”

ಈ ಮನುಷ್ಯ ಮದುವೆಯಾದಾಗಿನಿಂದ ಯಾವುದನ್ನೂ ಚೆನ್ನಾಗಿದೆ ಎಂದವರಲ್ಲ, ಚೆನ್ನಾಗಿಲ್ಲ ಎಂದವರೂ ಅಲ್ಲ. ಉಪ್ಪಿಲ್ಲದ ಅಡುಗೆ ಹಾಕಿದರೂ ಉಂಡು ಕೈ ತೊಳೆಯುವ ಆಸಾಮಿ. ಸ್ವಂತ ಮಗ ಹುಟ್ಟಿದಾಗ, “ನಿಂಗೆ ಯಾವುದು ಬೇಕೋ ಅದನ್ನ ಇಡು, ಕೂಗಿದ್ರೆ ತಿರುಗಿ ನೋಡಿದ್ರೆ ಸಾಕು” ಎಂದು ಟಿಕೆಟ್ ಚೀಲ ಹೆಗಲಿಗೇರಿಸಿ ಡ್ಯೂಟಿಗೆ ಹೋದವರು. ಇಂಥವರು ಇವತ್ತು ಮೊಮ್ಮಗಳಿಗೆ ಹೆಸರು ಹುಡುಕಿಕೊಂಡು ಬಂದಿದ್ದಾರೆಂದರೆ ಎಲ್ಲೋ ಏನೋ ಸುಟ್ಟ ವಾಸನೆ ಬರಲೇಬೇಕಲ್ಲ!

ಹೆಸರು ಯಾವುದೆಂದು ಮಾತ್ರ ಕೇಳಬೇಡಿ. ಟೈಲರಮ್ಮನ ವಯಸ್ಸಿನವರಲ್ಲಿ ಅದು ಎಷ್ಟು ಸಾಮಾನ್ಯವೆಂದರೆ, ಇಲ್ಲಿ ಬರೆದುಬಿಟ್ಟರೆ ನಿಮ್ಮ ಮನೆಯಲ್ಲೇ ಯಾರಾದರೂ “ನನ್ನ ಬಗ್ಗೆ ಏನಂತೆ?” ಎಂದು ಎದ್ದು ಬಂದಾರು. ಆಮೇಲೆ ಆ ಜಗಳ ಬಿಡಿಸುವವರು ಯಾರು?

ಹೆಸರಿನ ವಿಷಯದಲ್ಲಿ ಟೈಲರಮ್ಮನ ಎದುರು ಬಾಯಿ ತೆರೆಯಲು ಆ ಬೀದಿಯಲ್ಲಿ ಯಾರಿಗೂ ಧೈರ್ಯವಿರಲಿಲ್ಲ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವುದು, ಕಾಲರಿನ ಒಳಗೆ ಮಗುವಿನ ಹೆಸರಿನ ಪುಟ್ಟ ಬಟ್ಟೆಪಟ್ಟಿ ಹಚ್ಚಿಕೊಡುವುದು ಅವರ ಕೆಲಸ. ಶಾಲೆ ಶುರುವಾಗುವ ಹೊತ್ತಿಗೆ ಎಲ್ಲರೂ ಒಟ್ಟಿಗೇ ಮುಗಿಬೀಳುವುದರಿಂದ, ಆ ವರ್ಷ ಯಾವ ಹೆಸರು ಹೆಚ್ಚು ಬರುತ್ತದೆಂದು ಮೊದಲೇ ಅಂದಾಜು ಮಾಡಿ, ಬಣ್ಣದ ದಾರದಲ್ಲಿ ಪಟ್ಟಿಗಳನ್ನು ಹೊಲಿದು ಬಿಸ್ಕತ್ತಿನ ಡಬ್ಬಿ ತುಂಬಿಸಿ ಇಡುತ್ತಿದ್ದರು. ಸಿನಿಮಾದಲ್ಲಿ ಬಂದ ಹೆಸರು, ಟೀವಿಯಲ್ಲಿ ಬಂದ ಹೆಸರು, ಅಕ್ಕಪಕ್ಕದ ತೊಟ್ಟಿಲುಗಳಲ್ಲಿ ಓಡಾಡುವ ಹೆಸರು, ಎಲ್ಲಕ್ಕೂ ಅವರ ಕಿವಿ ನೆಟ್ಟಗಿರುತ್ತಿತ್ತು. ಅಂದಾಜು ತಪ್ಪಿದ್ದು ಬಹಳ ಕಡಿಮೆ.

“ಆ ಹೆಸರಿನ ಪಟ್ಟಿ ನಾನು ಹೊಲಿದು ಯಾವ ಕಾಲ ಆಯ್ತು, ಗೊತ್ತಾ?” ಎಂದು ಟೈಲರಮ್ಮ ಅನ್ನದ ಪಾತ್ರೆಯನ್ನು ಕುಕ್ಕಿದರು. “ನಾನು ಓದುವಾಗ ಕ್ಲಾಸಿಗೆ ಮೂವರು ಇದ್ರು. ಉದ್ದದೋಳು, ಗಿಡ್ಡದೋಳು, ಕನ್ನಡಕದೋಳು ಅಂತ ಗುರುತು ಹೇಳ್ತಿದ್ವಿ. ಯಾವುದೋ ಸಿನಿಮಾ ಬಂದಿತ್ತಂತೆ, ಅದರಲ್ಲಿ ನಾಯಕಿಗೆ ಆ ಹೆಸರಂತೆ, ಊರೆಲ್ಲ ಅದೇ ಇಟ್ಟು ಕೂತ್ರು. ಈಗ ಅದು ಅಜ್ಜೀರ ಹೆಸರು ಕಣ್ರೀ. ತೊಟ್ಟಿಲಲ್ಲಿರೋ ಮಗೂಗೆ ಮಂಡಿನೋವು ಬರುತ್ತೆ!”

“ಅರ್ಥ ಚೆನ್ನಾಗಿದೆಯಲ್ಲ. ಬೆಳಗಿನ ಮೊದಲ ಬೆಳಕು ಅಂತ.”

“ಅಯ್ಯೋ, ಅರ್ಥ ಬೇರೆ ಗೊತ್ತು ಇವರಿಗೆ! ನನ್ನ ಹೆಸರಿಗೆ ಏನರ್ಥ, ಹೇಳಿ ನೋಡೋಣ.”

ಕಂಡಕ್ಟರು ಮಗನ ಮುಖ ನೋಡಿದರು. ಲಿಫ್ಟ್ ರಿಪೇರಿ ಕೆಲಸದ ಮಗ ತನ್ನ ನೀರಿನ ಲೋಟ ನೋಡಿದ. ಸೊಸೆ ಮಗು ಅಳುತ್ತಿದೆ ಎಂದು ಅರ್ಧ ಊಟ ಬಿಟ್ಟು ಎದ್ದು ಹೋದಳು. ಮಗು ಅತ್ತದ್ದು ಟೈಲರಮ್ಮನಿಗೆ ಕೇಳಿಸಿರಲಿಲ್ಲ.

ಅವರು ತಮ್ಮ ಮನಸ್ಸಿನಲ್ಲಿ ಬೇರೆಯೇ ಹೆಸರು ಗೊತ್ತು ಮಾಡಿಕೊಂಡಿದ್ದರು. ಈಗ ಎಲ್ಲರ ಬಾಯಲ್ಲೂ ಓಡುತ್ತಿರುವುದು, ಕರೆಯಲು ಸಣ್ಣದು, ಪಟ್ಟಿ ಹೊಲಿಯಲು ಸುಲಭದ್ದು. “ಬೀದಿಗೆ ಐದಾರು ಇದಾವಲ್ಲಮ್ಮ” ಎಂದು ಮಗ ಗೊಣಗಿದ್ದಕ್ಕೆ, “ಇರ್ಲಿ ಬಿಡು, ಜೊತೆಗೆ ಆಡೋಕೆ ಆಗುತ್ತೆ” ಎಂದು ಅವನ ಬಾಯಿ ಮುಚ್ಚಿಸಿದ್ದರು. ಒಂದು ಭಾನುವಾರ ಗೊತ್ತು ಮಾಡಿ, ನೆಂಟರನ್ನು ಊಟಕ್ಕೆ ಕರೆದು, ಎಲ್ಲರೆದುರು ಹೆಸರು ಹೇಳುವುದು ಎಂದಾಗಿತ್ತು. ಅದಕ್ಕೆ ಇನ್ನೂ ಕೆಲವು ವಾರವಿತ್ತು.

ಮರುದಿನ ಅಂಗಡಿಯಲ್ಲಿ ಗುಂಡಿಯಕ್ಕ ಬಂದು ಕೂತಳು. ಅಂಗಿಗಳಿಗೆ ಗುಂಡಿ ಹಚ್ಚುವುದು ಅವಳ ಕೆಲಸ, ಬೀದಿಯ ಸುದ್ದಿಗೆ ಉಪ್ಪು ಖಾರ ಹಚ್ಚುವುದು ಅವಳ ಸಂತೋಷ. ಟೈಲರಮ್ಮ ಒಂದು ಪುಟಾಣಿ ಅಂಗಿಯ ಹೊಲಿಗೆ ಬಿಚ್ಚುತ್ತಿದ್ದರು. ಅದು ಸೊಸೆಯನ್ನು ಸಾಕಿದ ಚಿಕ್ಕಮ್ಮ ಮಗುವಿಗೆಂದು ಕಳಿಸಿದ್ದು. “ಹೊಲಿಗೆ ನೋಡು, ಕೋಳಿ ಕೆದರಿದ ಹಾಗಿದೆ” ಎಂದು ಬಿಚ್ಚಿ ಮತ್ತೆ ಹೊಲಿಯುತ್ತಿದ್ದರು. ಆ ಕಡೆಯಿಂದ ಬಂದದ್ದು ಯಾವುದೂ ಈ ಮನೆಯಲ್ಲಿ ಬಂದ ಹಾಗೆಯೇ ಉಳಿದಿರಲಿಲ್ಲ. ಪರದೆ ಕೊಟ್ಟರೆ ದಿಂಬಿನ ಚೀಲವಾಯಿತು, ಹೊದಿಕೆ ಕೊಟ್ಟರೆ ಇಸ್ತ್ರಿ ಮೇಜಿನ ಮೇಲೆ ಹಾಸಲಾಯಿತು.

ಹೆಸರಿನ ಕಥೆ ಕೇಳಿ ಗುಂಡಿಯಕ್ಕ ಹಲ್ಲಿನಲ್ಲಿ ದಾರ ಕಡಿದಳು.

“ಒಂದು ಮಾತು ಹೇಳ್ಲಾ ಟೈಲರಮ್ಮ? ಗಂಡಸರು ಹೆಸರು ಹುಡುಕೋದಿಲ್ಲ. ನೆನಪು ಮಾಡ್ಕೋತಾರೆ.”

“ಛೀ, ಸುಮ್ನಿರು.”

“ನಾನೇನಂದೆ ಈಗ? ಅಷ್ಟು ವರ್ಷ ಒಂದೇ ರೂಟಿನ ಬಸ್ಸು. ದಿನಾ ಅವೇ ಮುಖ, ಅದೇ ಸೀಟು. ಚಿಲ್ಲರೆ ಕೊಡೋರು, ಚಿಲ್ಲರೆ ಇಸ್ಕೊಳ್ಳೋರು. ಒಳ್ಳೇ ಮನುಷ್ಯರು ನಿಮ್ಮ ಯಜಮಾನ್ರು, ಇಲ್ಲ ಅನ್ನಲ್ಲ. ಒಳ್ಳೇರ ಮೇಲೇ ಕಣ್ಣು ಜಾಸ್ತಿ.”

“ಅವರ ಮುಖಕ್ಕೆ?” ಎಂದು ಟೈಲರಮ್ಮ ನಕ್ಕರು. ನಕ್ಕರು ನಿಜ, ಆದರೆ ಆ ನಗು ಗಂಟಲಿನಿಂದ ಕೆಳಗಿಳಿಯಲಿಲ್ಲ. ಸಂಜೆ ಗಂಡ ಕನ್ನಡಿಯ ಮುಂದೆ ನಿಂತು ಇದ್ದ ನಾಲ್ಕು ಕೂದಲಿಗೆ ನೀರು ಹಚ್ಚಿ ಬಾಚಿಕೊಳ್ಳುತ್ತಿದ್ದದ್ದು ಕಣ್ಣಿಗೆ ಬಿತ್ತು. ಅವರು ದಿನವೂ ಹಾಗೆಯೇ ಬಾಚಿಕೊಳ್ಳುತ್ತಿದ್ದರು. ಟೈಲರಮ್ಮ ನೋಡಿದ್ದು ಮಾತ್ರ ಅವತ್ತೇ.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಊಟವೆಂದರೆ ವಿಚಾರಣೆ.

“ಮೊಟ್ಟೆ ತರೋಕೆ ಇಷ್ಟು ಹೊತ್ತಾ?”

“ಜನ ಇದ್ರು ಕಣೇ.”

“ಯಾರಿದ್ರು?”

“ಜನ ಅಂದ್ರೆ ಜನ. ಅವರ ಹೆಸರೆಲ್ಲ ಕೇಳ್ಕೊಂಡು ಬರ್ಲಾ?”

“ಹೆಸರು ಕೇಳೋದ್ರಲ್ಲಿ ನೀವು ಗಟ್ಟಿಗರು ತಾನೆ!”

ಮಗನನ್ನು ಕೇಳಿದರೆ ಅವನು, “ಅಪ್ಪನಿಗೆ ಇಷ್ಟ ಆಗಿದೆ, ಇಟ್ರಾಯ್ತು ಬಿಡಮ್ಮ, ಅದಕ್ಕೆ ಯಾಕೆ ಇಷ್ಟು ರಾಮಾಯಣ?” ಎಂದು ಶೂ ಹುಡುಕುವ ನೆಪದಲ್ಲಿ ಜಾರಿಕೊಂಡ. ಟೈಲರಮ್ಮ ಅಡುಗೆಮನೆಗೆ ಕಾಲಿಟ್ಟರೆ ಅಲ್ಲಿ ನಡೆಯುತ್ತಿದ್ದ ಮಾತು ನಿಲ್ಲುತ್ತಿತ್ತು. ಒಂದು ದಿನ ಕಂಡಕ್ಟರು ಸೊಸೆಗೆ ತಗ್ಗಿದ ದನಿಯಲ್ಲಿ, “ಸ್ವಲ್ಪ ತಡಿಯಮ್ಮ, ನಾನು ನೋಡ್ಕೋತೀನಿ” ಎನ್ನುತ್ತಿದ್ದದ್ದು ಕೇಳಿಸಿತು. ಇವರನ್ನು ಕಂಡ ಕೂಡಲೇ, “ಕೋಸು ಬೆಂದಿಲ್ಲ ಅಂತಿದ್ಲು” ಎಂದರು. ಒಲೆಯ ಮೇಲೆ ಇದ್ದದ್ದು ಆಲೂಗಡ್ಡೆ.

ಟೈಲರಮ್ಮನಿಗೆ ಎಲ್ಲ ಹೊಳೆದುಹೋಯಿತು. ಗಂಡನ ಗುಟ್ಟು ಮಗನಿಗೂ ಗೊತ್ತು, ಸೊಸೆಗೂ ಗೊತ್ತು, ಗೊತ್ತಿಲ್ಲದವಳು ತಾನೊಬ್ಬಳೇ! ಸ್ವಂತ ಮನೆಯಲ್ಲಿ, ತಾನು ಬಡಿಸಿದ ಅನ್ನ ತಿಂದುಕೊಂಡು, ಮೂವರೂ ಸೇರಿ ಕಣ್ಣಿಗೆ ಮಣ್ಣೆರಚುತ್ತಿದ್ದಾರೆ. ಅವರಿಗೆ ಹೊಟ್ಟೆ ಉರಿಯಿತು. ಅಳುವೂ ಬಂತು. ಅಳುವುದು ಅವರಿಗೆ ಒಗ್ಗುತ್ತಿರಲಿಲ್ಲವಾದ್ದರಿಂದ ಬೈಯತೊಡಗಿದರು.

ಗಂಡನನ್ನು ಬೈದರೆ ಅವರು ಪೇಪರು ಮುಖಕ್ಕೆ ಹಿಡಿಯುತ್ತಿದ್ದರು. ಹಾಗಾಗಿ ಬೈಗುಳವೆಲ್ಲ ಆ ಹೆಸರಿಗೇ ಹೋಯಿತು. ಹಾಲು ಉಕ್ಕಿದರೆ ಆ ಹೆಸರು, ಸೂಜಿ ಮುರಿದರೆ ಆ ಹೆಸರು. “ಯಾವಳೋ ಬಜಾರಿ, ಮನೆಹಾಳಿ, ಸಂಸಾರದ ಮಧ್ಯೆ ಬಂದು ಕೂತಳಲ್ಲ, ಮಣ್ಣಾಗಿ ಹೋಗ್ಲಿ ಅವಳು” ಎಂದು ಅಕ್ಷರ ಅಕ್ಷರ ಬಿಡಿಸಿ ಆ ಹೆಸರನ್ನು ಕೂಗಿ ಹೇಳಿ ಬೈಯುತ್ತಿದ್ದರು. ಸೊಸೆ ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಮಾವನ ಮರ್ಯಾದೆ ಹೋಗುತ್ತಿದೆಯೆಂದು ಇವಳಿಗೆ ಸಂಕಟ ಎಂದುಕೊಂಡರು ಟೈಲರಮ್ಮ. ಒಮ್ಮೆ ಕಂಡಕ್ಟರು ಪೇಪರು ಬಿಸಾಡಿ ಎದ್ದು ನಿಂತರು.

“ಸಾಕು ಮಾಡೇ! ಇನ್ನೊಂದು ಮಾತಾಡಿದ್ರೆ ಸರಿ ಇರಲ್ಲ.”

ಮದುವೆಯಾದಾಗಿನಿಂದ ಆ ಮನುಷ್ಯ ದನಿ ಎತ್ತಿದ್ದೇ ಅದು ಮೊದಲು. ಟೈಲರಮ್ಮ ನೆಲಕ್ಕೆ ಬಿದ್ದ ಪೇಪರನ್ನೇ ನೋಡಿದರು. ನನ್ನನ್ನು ಯಾರಾದರೂ ಬೈದಿದ್ದರೆ ಇವರು ಹೀಗೆ ಎದ್ದು ನಿಲ್ಲುತ್ತಿದ್ದರೇ?

ಯಾರವಳು ಎಂದು ಪತ್ತೆ ಮಾಡುವುದೇನೋ ಸರಿ, ಆದರೆ ಹೇಗೆ? ಅಪರೂಪದ ಹೆಸರಾಗಿದ್ದರೆ ಒಂದು ಬೆಳಿಗ್ಗೆಯ ಕೆಲಸ. ಇದೋ, ಕಲ್ಲು ಎಸೆದರೆ ಆ ಹೆಸರಿನವರೊಬ್ಬರ ಮೇಲೆ ಬೀಳುವಂಥದ್ದು. ನೆಟ್ಟಗೆ ನೆನಪು ಮಾಡಿಕೊಂಡರೆ ಹಳೇ ಬಸ್ ರೂಟಿನಲ್ಲೇ ನರ್ಸೊಬ್ಬಳು, ಟೀಚರೊಬ್ಬಳು, ಬಟ್ಟೆ ಅಂಗಡಿಯವಳೊಬ್ಬಳು. ಟೈಲರಮ್ಮ ಹತ್ತಿರದಿಂದ ಶುರು ಮಾಡಿದರು. ಗಂಡ ದಿನಾ ಮೊಟ್ಟೆ ತರುವ ಅಂಗಡಿಯವಳಿಗೂ ಅದೇ ಹೆಸರು ಎಂದು ಗುಂಡಿಯಕ್ಕ ಸುದ್ದಿ ತಂದಿದ್ದಳು.

ಮೊಟ್ಟೆಯಂಗಡಿಯ ಹೆಂಗಸು ಗಲ್ಲಾದ ಹಿಂದೆ ಕೂತು ಕಾಲಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದಳು. ಟೈಲರಮ್ಮ ಎದುರು ನಿಂತು, ಕಣ್ಣಲ್ಲಿ ಕಣ್ಣಿಟ್ಟು, ಆ ಹೆಸರು ಹಿಡಿದು ಕರೆದರು.

ಆಕೆ ತಲೆ ಎತ್ತಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಮುಖವೆಲ್ಲ ಅರಳಿತು.

“ಅಯ್ಯೋ ನಮ್ಮಮ್ಮಾ! ನನ್ನನ್ನ ಹಾಗೆ ಕರೆದು ಯಾವ ಕಾಲ ಆಯ್ತು! ಎಲ್ರೂ ಮೊಟ್ಟೆಯಕ್ಕ ಮೊಟ್ಟೆಯಕ್ಕ ಅಂತಾರೆ, ನಮ್ಮ ಮನೆಯವರು ‘ಏಯ್’ ಅಂತಾರೆ. ಇನ್ನೊಂದು ಸಲ ಕರೀರಿ ನೋಡೋಣ.”

ಟೈಲರಮ್ಮ ಬಂದ ಕೆಲಸ ಮರೆತು ಇನ್ನೊಂದು ಸಲ ಕರೆದರು. ಬೇಕಿಲ್ಲದ ಮೊಟ್ಟೆ ಒಂದು ಡಜನ್ ಕೊಂಡುಕೊಂಡು ಮನೆಗೆ ಬಂದರು. ಇವಳಲ್ಲ ಎಂದು ಮನಸ್ಸಿಗೆ ಖಾತ್ರಿಯಾಗಿತ್ತು. ಇವಳಲ್ಲದಿದ್ದರೆ ಇನ್ನೊಬ್ಬಳು.

ಆ ಇನ್ನೊಬ್ಬಳು ಲೈಬ್ರರಿಯವಳು, ಅವಳಿಗೂ ಅದೇ ಹೆಸರು. ಕಂಡಕ್ಟರು ರಿಟೈರಾದ ಮೇಲೆ ಬೆಳಗ್ಗೆ ಪೇಪರು ಓದಲು ಹೋಗುತ್ತಿದ್ದದ್ದು ಅಲ್ಲಿಗೇ. ಮನೆಗೂ ಪೇಪರು ಬರುತ್ತದಲ್ಲ, ಮತ್ತೇನು ಓದಲು ಹೋಗುತ್ತಾರೆ ಎಂದು ಟೈಲರಮ್ಮನಿಗೆ ಇಷ್ಟು ವರ್ಷ ಹೊಳೆದಿರಲೇ ಇಲ್ಲ. ಗಂಡ ಜ್ವರವೆಂದು ಮಲಗಿದ್ದ ಒಂದು ದಿನ, ಇಸ್ತ್ರಿಯಾದ ಸೀರೆ ಉಟ್ಟುಕೊಂಡು ಹೊರಟೇಬಿಟ್ಟರು.

ಲೈಬ್ರರಿಯೆಂದರೆ ಒಂದು ಉದ್ದನೆಯ ಕೋಣೆ, ಕಾಲು ಅಲ್ಲಾಡುವ ಮೇಜುಗಳು, ದೂಳಿನ ವಾಸನೆ. ಮೇಜಿನ ಹಿಂದಿದ್ದ ಹೆಂಗಸು ಬಿಳಿ ಕೂದಲನ್ನು ಗಿಡ್ಡಗೆ ಕತ್ತರಿಸಿಕೊಂಡು, ಹರಿದ ಪುಸ್ತಕವೊಂದಕ್ಕೆ ಅಂಟು ಹಚ್ಚುತ್ತಿದ್ದಳು. ನೋಡಲು ಲಕ್ಷಣವಾಗಿಯೇ ಇದ್ದಳು. ಟೈಲರಮ್ಮನಿಗೆ ಅದು ಹಿಡಿಸಲಿಲ್ಲ.

“ನಾನು ಕಂಡಕ್ಟರ ಹೆಂಡತಿ.”

“ಓ, ಬನ್ನಿ ಬನ್ನಿ, ಕೂತ್ಕೊಳ್ಳಿ! ಎಲ್ಲಿ, ಸಾರ್ ಎರಡು ದಿನದಿಂದ ಕಾಣ್ಲಿಲ್ಲ?”

“ಎಣಿಸ್ತೀರಾ ದಿನ?”

ಆಕೆಗೆ ಆ ಮಾತಿನ ಮೊನೆ ತಾಗಲಿಲ್ಲ. “ಮೂಲೆ ಕುರ್ಚಿ ಅವರದ್ದೇ ಅಲ್ವಾ, ಖಾಲಿ ಇದ್ರೆ ಗೊತ್ತಾಗುತ್ತೆ. ನಿಮ್ಮ ಸೊಸೆ ಹೇಗಿದಾರೆ ಈಗ? ಪಾಪ, ಅವತ್ತು ಮಗೂನ ಎತ್ಕೊಂಡು ಬಂದಿದ್ರು. ಆ ಮೂಲೇಲಿ ಮಾವನ ಹತ್ರ ಕೂತು ಅಳ್ತಾ ಇದ್ರು. ನಾನೇ ನೀರು ಕೊಟ್ಟೆ. ‘ನನ್ನಿಂದ ಕೇಳೋಕೆ ಆಗಲ್ಲ ಮಾವ, ಇನ್ನು ತಡ್ಕೊಳೋಕೆ ಆಗಲ್ಲ’ ಅಂತಿದ್ರು. ಮನೇಲಿ ಎಲ್ಲ ಸರಿ ಇದೆ ತಾನೆ?”

ಟೈಲರಮ್ಮ ಕೂತ ಕುರ್ಚಿಯಿಂದ ಎದ್ದರು. ಈ ಹೆಂಗಸಲ್ಲ, ಇದು ಅದಕ್ಕಿಂತ ದೊಡ್ಡದು. ಮಗು ಹೆತ್ತ ಹಸಿಮೈಯ ಹುಡುಗಿ ತಡೆದುಕೊಳ್ಳಲಾಗದೆ ಅಳುವಂಥ ಏನನ್ನು ಈ ಮನುಷ್ಯ ಮಾಡಿಕೊಂಡಿದ್ದಾರೆ? ದಾರಿಯುದ್ದಕ್ಕೂ ಅವರ ತಲೆಯಲ್ಲಿ ಇಲ್ಲಸಲ್ಲದ್ದೆಲ್ಲ ಹಾದುಹೋಯಿತು. ಇನ್ನೊಂದು ಸಂಸಾರ, ಇನ್ನೊಬ್ಬ ಮಗ, ನಾಳೆ ಬಾಗಿಲಿಗೆ ಬಂದು ನಿಲ್ಲುವ ಯಾರೋ.

ಮನೆಗೆ ಬಂದಾಗ ಸೊಸೆ ಅಡುಗೆಮನೆಯಲ್ಲಿ ಕೂತು ಹುರುಳಿಕಾಯಿ ಬಿಡಿಸುತ್ತಿದ್ದಳು. ಕಂಡಕ್ಟರು ಕಂಬಳಿ ಹೊದ್ದು, ಜ್ವರದ ಮುಖದಲ್ಲೇ ಬಾಗಿಲ ಹತ್ತಿರ ತೊಟ್ಟಿಲು ತೂಗುತ್ತಿದ್ದರು. ಟೈಲರಮ್ಮ ಚಪ್ಪಲಿಯನ್ನೂ ಬಿಡಲಿಲ್ಲ.

“ಲೈಬ್ರರೀಲಿ ಕೂತು ಅಳ್ತಿದ್ಯಂತೆ. ಯಾಕೆ?”

ಸೊಸೆ ಇನ್ನೊಂದು ಹುರುಳಿಕಾಯಿ ಕೈಗೆತ್ತಿಕೊಂಡಳು.

“ನೋಡು, ನಾನು ನಿನ್ನ ಮೇಲೆ ಕೂಗಾಡಲ್ಲ. ನಿಂದೇನೂ ತಪ್ಪಿಲ್ಲ ಅಂತ ನಂಗೊತ್ತು. ನಿಮ್ಮ ಮಾವ ನಿನ್ನ ಹತ್ರ ಎಲ್ಲ ಹೇಳ್ಕೊಂಡಿದಾರೆ ತಾನೆ? ನೀನಾದ್ರೂ ನಿಜ ಹೇಳು. ಯಾರವಳು?”

“ಯಾರು ಅತ್ತೆ?”

“ಆ ಹೆಸರಿನವಳು.”

“ಬೇಡ ಕಣೇ, ಬಿಡು” ಎಂದು ಕಂಡಕ್ಟರು ಕಂಬಳಿ ಸರಿಸಿ ಏಳಲು ನೋಡಿದರು.

“ನೀವು ಸುಮ್ನಿರಿ! ಹೇಳು, ಯಾರವಳು?”

ಸೊಸೆ ಕೈಯಲ್ಲಿದ್ದ ಹುರುಳಿಕಾಯಿಯನ್ನು ತಟ್ಟೆಯಲ್ಲಿಟ್ಟಳು.

“ನಮ್ಮಮ್ಮ.”

ಟೈಲರಮ್ಮನಿಗೆ ಅರ್ಥವಾಗಲಿಲ್ಲ. “ಯಾರಮ್ಮ?”

“ನನ್ನ ಹೆತ್ತಮ್ಮ. ಅವರ ಹೆಸರು ಅದು. ನನ್ನ ಮಗಳಿಗೆ ಇಡ್ಬೇಕು ಅಂತ ಆಸೆ ಇತ್ತು. ನಾನು ಕೇಳಿದ್ರೆ ನೀವು ಬೇಡ ಅಂತೀರ ಅಂತ ಮಾವನ ಹತ್ರ ಹೇಳ್ಕೊಂಡೆ. ‘ನಾನೇ ಹೇಳ್ತೀನಿ ಬಿಡಮ್ಮ, ನಾನು ಹೇಳಿದ್ರೆ ಒಂದು ವಾರ ಬೈತಾಳೆ, ಆಮೇಲೆ ಒಪ್ಕೋತಾಳೆ’ ಅಂದ್ರು.”

ತೊಟ್ಟಿಲು ತೂಗುವುದು ನಿಂತಿತ್ತು. ಮಗು ಕಣ್ಣು ಬಿಟ್ಟು ಸೂರು ನೋಡುತ್ತಿತ್ತು.

“ಮೊದ್ಲೇ ಹೇಳ್ಬಾರ್ದಿತ್ತಾ?” ಎಂದರು ಟೈಲರಮ್ಮ. ದನಿ ಸಣ್ಣದಾಗಿತ್ತು. “ನಾನೇನು ರಾಕ್ಷಸೀನಾ? ನಂಗೆ ಹೇಗೆ ಗೊತ್ತಾಗ್ಬೇಕು?”

“ಕೇಳಿದ್ರೆ ಗೊತ್ತಾಗ್ತಿತ್ತು ಅತ್ತೆ.” ಸೊಸೆಯ ದನಿಯೂ ಏರಲಿಲ್ಲ. “ನಾನು ಈ ಮನೆಗೆ ಬಂದು ಐದು ವರ್ಷ ಆಯ್ತು. ನಿಮ್ಮ ಅಂಗಡಿಗೆ ಬರೋ ಮಕ್ಕಳು, ಅವರ ಅಕ್ಕ ತಂಗಿ, ಎಲ್ಲರ ಹೆಸರೂ ನಿಮಗೆ ಗೊತ್ತು. ‘ನಿಮ್ಮಮ್ಮನ ಹೆಸರೇನು’ ಅಂತ ನನ್ನನ್ನ ಒಂದು ಸಲ ಕೇಳಿದ್ರಾ? ಹೆಣ್ಣು ನೋಡೋಕೆ ಬಂದಾಗ ನೀವು ನಮ್ಮ ಚಿಕ್ಕಮ್ಮನ ಹತ್ರ ಏನಂದ್ರಿ ನೆನಪಿದೆಯಾ? ‘ತಾಯಿ ಇಲ್ಲದ ಹುಡುಗಿ ಆಗಿದ್ದೂ ಒಳ್ಳೇದೇ ಆಯ್ತು, ಬೀಗಿತ್ತಿ ಕಾಟ ತಪ್ತು’ ಅಂತ ನಕ್ರಿ. ನಾನು ಬಾಗಿಲ ಹಿಂದೆ ಟೀ ಹಿಡ್ಕೊಂಡು ನಿಂತಿದ್ದೆ.”

“ಅದು ತಮಾಷೆಗೆ...”

“ಗೊತ್ತು. ತಮಾಷೆಗೇ. ಮೊನ್ನೆ ಮೊನ್ನೆ ನೀವು ಮಣ್ಣಾಗಿ ಹೋಗ್ಲಿ ಅಂತಿದ್ರಲ್ಲ, ಅವರು ಮಣ್ಣಾಗಿ ಎಷ್ಟೋ ಕಾಲ ಆಯ್ತು ಅತ್ತೆ. ನಾನಾಗ ಮೂರನೇ ಕ್ಲಾಸು.”

ಹೊರಗೆ ಅಂಗಡಿಯಲ್ಲಿ ಗುಂಡಿಯಕ್ಕ ಕೆಮ್ಮಿದಳು. ಯಾರೂ ಆ ಕಡೆ ನೋಡಲಿಲ್ಲ. ಟೈಲರಮ್ಮ ಚಪ್ಪಲಿ ಬಿಟ್ಟು ನೆಲಕ್ಕೆ ಕೂತರು. ಅವರಿಗೆ ನಾಚಿಕೆಯಾಯಿತು, ಮೈಯೆಲ್ಲ ಬೆವರುವಷ್ಟು ನಾಚಿಕೆ. ಇಷ್ಟು ದಿನ ಗಂಡನಿಗೆ ಬೇರೊಬ್ಬಳಿದ್ದಾಳೆಂದು ಸಂಕಟಪಟ್ಟಿದ್ದರು, ಈಗ ಯಾರೂ ಇಲ್ಲವೆಂದು ತಿಳಿದು ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ.

“ಇಡೋಣ” ಎಂದರು. “ಅದೇ ಹೆಸರು ಇಡೋಣ ಕಣಮ್ಮ. ನಾನೇ ಎಲ್ಲರ ಎದುರು ಹೇಳ್ತೀನಿ.”

“ಬೇಡ ಅತ್ತೆ.”

“ಯಾಕೆ?”

“ನಿಮ್ಮ ಬಾಯಲ್ಲಿ ಆ ಹೆಸರು ಇನ್ನೊಂದು ಸಲ ಬರೋದು ನಂಗೆ ಬೇಡ.”

ಸೊಸೆ ಮತ್ತೆ ಹುರುಳಿಕಾಯಿ ಬಿಡಿಸತೊಡಗಿದಳು.

ಮುಂದಿನ ದಿನಗಳಲ್ಲಿ ಟೈಲರಮ್ಮ ಪಟ್ಟ ಪಾಡು ಯಾರಿಗೂ ಬೇಡ. ಬಿಚ್ಚಿ ಹೊಲಿದಿದ್ದ ಪುಟಾಣಿ ಅಂಗಿಯನ್ನು ಮಗುವಿಗೆ ತೊಡಿಸಿ, “ನಿಮ್ಮ ಚಿಕ್ಕಮ್ಮನ ಬಣ್ಣದ ಆಯ್ಕೆ ಚೆನ್ನಾಗಿದೆ” ಎಂದರು. ಸೊಸೆ “ಹೂಂ” ಎಂದಳು. ಕೋಸನ್ನು ಸೊಸೆ ಹೆಚ್ಚುವ ಹಾಗೆ ಸಣ್ಣಗೆ ಹೆಚ್ಚಿದರು. ಸೊಸೆ ಉಂಡಳು, ಇನ್ನೊಂದು ತುತ್ತು ಬೇಕೆನ್ನಲಿಲ್ಲ, ಬೇಡವೆನ್ನಲಿಲ್ಲ. ಒಂದು ಸಂಜೆ ಬಟ್ಟೆ ಮಡಿಸುತ್ತಾ ಕೇಳಿಯೇಬಿಟ್ಟರು:

“ನಿಮ್ಮಮ್ಮ ನೋಡೋಕೆ ಹೇಗಿದ್ರು? ನಿನ್ನ ಹಾಗೇನಾ?”

“ಸರಿಯಾಗಿ ನೆನಪಿಲ್ಲ ಅತ್ತೆ” ಎಂದಳು ಸೊಸೆ, ದಿಂಬಿನ ಚೀಲ ಮಡಿಸುತ್ತಾ. ನೆನಪಿದೆ, ತನಗೆ ಹೇಳುವುದಿಲ್ಲ ಎಂದು ಟೈಲರಮ್ಮನಿಗೆ ಗೊತ್ತಾಯಿತು.

ಗಂಡನ ಮೇಲೆ ರೇಗಿದರು. “ನೀವಾದ್ರೂ ಬಾಯಿ ಬಿಡೋಕೆ ಏನಾಗಿತ್ತು? ನಾನು ಅಷ್ಟೆಲ್ಲ ಅನುಮಾನ ಪಡ್ತಾ ಇದ್ದಾಗ?”

“ಆ ಹುಡುಗಿಗೆ ಮಾತು ಕೊಟ್ಟಿದ್ದೆ” ಎಂದರು ಕಂಡಕ್ಟರು. “ಅಲ್ದೆ, ಈ ವಯಸ್ಸಲ್ಲಿ ನನ್ನ ಮೇಲೂ ಅನುಮಾನ ಪಡೋರು ಇದಾರಲ್ಲ ಅಂತ ಮೊದಮೊದಲು ಸ್ವಲ್ಪ ಖುಷೀನೂ ಆಗಿತ್ತು. ತಪ್ಪು ಮಾಡ್ದೆ ಕಣೇ. ಅವಳ ಮುಖ ನೋಡೋಕಾಗ್ತಿಲ್ಲ ನಂಗೆ” ಎಂದರು. ಟೈಲರಮ್ಮ ಮತ್ತೆ ರೇಗಲಿಲ್ಲ.

ಗೊತ್ತು ಮಾಡಿದ್ದ ಭಾನುವಾರ ಬಂತು. ನೆಂಟರು ಬಂದರು. ಮೇಜು ಸಾಲದೆ ನೆಲದ ಮೇಲೂ ಸಾಲು ಹಾಕಿದರು. ಸೊಸೆಯ ಚಿಕ್ಕಮ್ಮನೂ ಬಂದಿದ್ದಳು. ಟೈಲರಮ್ಮ ಅವಳ ಕೈಹಿಡಿದು ಕರೆತಂದು ಫ್ಯಾನಿನ ಕೆಳಗೆ ಕೂರಿಸಿದರು, ಎರಡು ಸಲ ಕೇಳಿ ಬಡಿಸಿದರು. ಊಟ ಮುಗಿಯುತ್ತಾ ಬಂದಾಗ ಕಂಡಕ್ಟರ ದೊಡ್ಡಕ್ಕ ತಟ್ಟೆಯಿಂದ ತಲೆ ಎತ್ತಿ, “ಹೂಂ, ಹೆಸರೇನಮ್ಮ ಮಗೂಗೆ? ಹೆಸರಿನ ಅಂಗಡಿ ಇಟ್ಕೊಂಡೋಳು ನೀನೇ ಹೇಳ್ಬೇಕಪ್ಪ” ಎಂದು ಟೈಲರಮ್ಮನನ್ನು ಕೇಳಿದಳು.

ಎಲ್ಲರೂ ಟೈಲರಮ್ಮನ ಕಡೆ ತಿರುಗಿದರು. ಈ ಮನೆಯಲ್ಲಿ ಕೊನೆಯ ಮಾತು ಯಾರದ್ದೆಂದು ನೆಂಟರಿಗೆಲ್ಲ ಗೊತ್ತಿತ್ತು.

“ನನ್ನನ್ನ ಕೇಳ್ಬೇಡಿ” ಎಂದರು ಟೈಲರಮ್ಮ. “ಹೆತ್ತೋಳು ಅವಳು. ಅವಳು ಏನು ಹೇಳಿದ್ರೆ ಅದು.”

ಹೇಳಿ ಸೊಸೆಯ ಮುಖ ನೋಡಿದರು. ಹೇಳು ತಾಯಿ, ಎಲ್ಲರೆದುರು ಹೇಳು, ಚಿಕ್ಕಮ್ಮನೂ ಇದ್ದಾಳೆ, ಇವತ್ತು ಯಾರು ಬೇಡವೆನ್ನುತ್ತಾರೋ ನೋಡೋಣ ಎಂದು ಅವರ ಮುಖವೆಲ್ಲ ಬೇಡುತ್ತಿತ್ತು. ಮಗ ಉಸಿರು ಹಿಡಿದು ಕೂತಿದ್ದ. ಕಂಡಕ್ಟರು ನೀರಿನ ಜಗ್ಗು ಹಿಡಿದು ನಿಂತಿದ್ದವರು ಬಗ್ಗಿಸುವುದನ್ನು ಮರೆತಿದ್ದರು.

ಸೊಸೆ ಮಗುವಿನ ಕೆನ್ನೆಗೆ ಅಂಟಿದ್ದ ಹಾಲನ್ನು ಒರೆಸಿದಳು. ಆಮೇಲೆ ತಲೆ ಎತ್ತಿ ಹೆಸರು ಹೇಳಿದಳು.

ಅದು ಟೈಲರಮ್ಮ ಮೊದಲು ಬಯಸಿದ್ದ ಹೆಸರು. ಸಣ್ಣದು, ಎಲ್ಲರ ಬಾಯಲ್ಲೂ ಓಡುತ್ತಿರುವುದು, ಬೀದಿಗೆ ಐದಾರು ಇರುವುದು.

“ಅತ್ತೆಗೆ ಮೊದ್ಲಿಂದಾನೂ ಇದೇ ಇಷ್ಟ” ಎಂದಳು ಸೊಸೆ. ಕುಹಕವೇನೂ ಇರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ಟೈಲರಮ್ಮನಿಗೆ ತಡೆದುಕೊಳ್ಳಲು ಸುಲಭವಾಗುತ್ತಿತ್ತು.

“ಭಲೇ, ಅತ್ತೆ ಸ್ವರ ಎತ್ತೋ ಮೊದ್ಲೇ ತಾಳ ಹಾಕೋ ಸೊಸೆ ಸಿಕ್ಕಿದಾಳೆ ನಿಂಗೆ!” ಎಂದು ದೊಡ್ಡಕ್ಕ ಟೈಲರಮ್ಮನ ಬೆನ್ನು ತಟ್ಟಿದಳು. ಎಲ್ಲರೂ ನಕ್ಕರು. ಟೈಲರಮ್ಮ ಸೌಟು ತೆಗೆದುಕೊಂಡು, ಯಾರಿಗೂ ಬೇಕಿಲ್ಲದ ಅನ್ನವನ್ನು ಬಡಿಸಲು ಸಾಲಿನ ಆ ತುದಿಗೆ ಹೋದರು.

ಹೆಸರು ನಿಂತಿತು. ಮಗುವೂ ಆ ಹೆಸರಿಗೆ ತಿರುಗಿ ನೋಡಲು ಕಲಿಯಿತು. ಸೊಸೆ ಹೆರಿಗೆ ರಜೆ ಮುಗಿಸಿ ತನ್ನ ಕನ್ನಡಕದ ಅಂಗಡಿಯ ಕೆಲಸಕ್ಕೆ ಮರಳಲು ಇನ್ನು ಕೆಲವೇ ದಿನವಿತ್ತು. ಒಂದು ಮಧ್ಯಾಹ್ನ ಟೈಲರಮ್ಮ ಒಗೆದ ಬಟ್ಟೆ ಇಡಲೆಂದು ಮಗನ ಕೋಣೆಯ ಕಡೆ ಹೋದರು. ಬಾಗಿಲು ಮುಂದೆ ಮಾಡಿತ್ತು. ಒಳಗೆ ಸೊಸೆ ಮಗುವನ್ನು ಆಡಿಸುತ್ತಿದ್ದಳು. ಕರೆಯುತ್ತಿದ್ದಳು, ನಗಿಸುತ್ತಿದ್ದಳು, ಮತ್ತೆ ಕರೆಯುತ್ತಿದ್ದಳು. ಅದು ಎಲ್ಲರೆದುರು ಇಟ್ಟ ಹೆಸರಲ್ಲ. ಆ ಹೆಸರು. ಟೈಲರಮ್ಮ ಅದನ್ನು ಅಷ್ಟು ಮೆತ್ತಗೆ ಯಾರ ಬಾಯಲ್ಲೂ ಕೇಳಿರಲಿಲ್ಲ.

ಅವರ ಬಳೆ ಬಾಗಿಲಿಗೆ ತಾಗಿ ಸದ್ದಾಯಿತು. ಒಳಗೆ ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಸೊಸೆ ಮಗುವನ್ನು ಊರಿಗೆಲ್ಲ ಗೊತ್ತಿರುವ ಹೆಸರಿನಿಂದ, ಸ್ವಲ್ಪ ದೊಡ್ಡದಾಗಿ ಕರೆದಳು.

ಮರುದಿನ ಮಧ್ಯಾಹ್ನ ಅದೇ ಹೊತ್ತಿಗೆ ಟೈಲರಮ್ಮ ಕತ್ತರಿ ಕೆಳಗಿಟ್ಟರು. “ನಾನು ದಾರ ತರೋಕೆ ಪೇಟೆಗೆ ಹೋಗ್ತಿದೀನಿ! ಬರೋದು ತಡ ಆಗುತ್ತೆ!” ಎಂದು ಮನೆಯೆಲ್ಲ ಕೇಳುವಂತೆ ಕೂಗಿದರು. ಕಪಾಟಿನ ತುಂಬ ದಾರವಿತ್ತು. ಕಂಡಕ್ಟರನ್ನೂ ಎಬ್ಬಿಸಿ ಲೈಬ್ರರಿಗೆ ಅಟ್ಟಿದರು. ಗುಂಡಿಯಕ್ಕನನ್ನೂ ಎಬ್ಬಿಸಿ ಮನೆಗೆ ಕಳಿಸಿದರು. ಬೀದಿ ಬಾಗಿಲನ್ನು ಒಳಗೆ ಕೇಳಿಸುವ ಹಾಗೆ ಜೋರಾಗಿ ಎಳೆದುಕೊಂಡು, ಪೇಟೆಯ ಕಡೆ ಹೋಗದೆ, ಎದುರು ಬದಿಯ ಗೋಡೆಯ ನೆರಳಿನಲ್ಲಿ ನಿಂತರು. ದಿನವೂ ಹೀಗೆ ನಿಲ್ಲತೊಡಗಿದರು.

ದಾರಿಯಲ್ಲಿ ಹೋಗುವವರು ಕೇಳುತ್ತಿದ್ದರು, “ಏನು ಟೈಲರಮ್ಮ, ಈ ಬಿಸಿಲಲ್ಲಿ ಹೊರಗೆ ನಿಂತಿದೀರಿ?”

“ಏನಿಲ್ಲ” ಎನ್ನುತ್ತಿದ್ದರು ಟೈಲರಮ್ಮ. “ಒಳಗೆ ಸೊಸೆ ಅವಳಮ್ಮನ ಹತ್ರ ಮಾತಾಡ್ತಿದಾಳೆ.”